ಪರವೂರಿನ ಮೇಷ್ಟ್ರಿಗೆ ಗೆಳೆಯರು ಎಲ್ಲಿ ಸಿಗುತ್ತಾರೆ?

ಮುಂಬಯಿ ಬಳಿಯ ಉಲ್ಹಾಸನಗರಕ್ಕೆ ಪಾಠ ಹೇಳಲು ಬಂದ ಕನ್ನಡದ ಮೇಷ್ಟ್ರು, ಟೀಚರು ಮೊದಲು ಹುಡುಕುವುದು ಕನ್ನಡ ಸಂಘವನ್ನು. ಹುಡುಕಲಿ, ಬಾಡಿಗೆ ಮನೆಯ ಸುಳಿವು ಸಿಗುವುದೇ ಅಲ್ಲಿ. ಆದರೆ ಭಾಷೆಯಿಂದ ಆಗುವುದು ಪರಿಚಯ. ಸ್ನೇಹ ಬಲಿಯಬೇಕಾದರೆ ಒಟ್ಟಿಗೆ ಮಾಡುವ ಕೆಲಸ ಬೇಕು. ಮುಂಬಯಿ ಕನ್ನಡಿಗರ ಚರಿತ್ರೆ ನೋಡಿ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ರಾತ್ರಿ ಶಾಲೆ ನಡೆಸಿದವು. ಹಗಲೆಲ್ಲ ಹೋಟೆಲಿನಲ್ಲಿ ದುಡಿದ ಹುಡುಗರು ರಾತ್ರಿ ಬಂದು ಬೆಂಚಿನಲ್ಲಿ ಕೂತರು. ಡೊಂಬಿವಲಿಯ ಕರ್ನಾಟಕ ಸಂಘವೂ ಹಬ್ಬ, ನಾಟಕಗಳಿಗೇ ನಿಲ್ಲದೆ ಮಂಜುನಾಥ ವಿದ್ಯಾಲಯ ನಡೆಸಿತು.

ಇಲ್ಲಿ ನಾವು ಹೊರಗಿನವರಲ್ಲವೇ ಎಂಬ ಅಳುಕು ಬೇಡ. ಈ ಊರೇ ವಲಸಿಗರದು. ವಿಭಜನೆಯಲ್ಲಿ ಸಿಂಧ್ ಬಿಟ್ಟವರು ಕಲ್ಯಾಣದ ಬಳಿಯ ಮಿಲಿಟರಿ ಬ್ಯಾರಕ್‌ಗಳಲ್ಲಿ ನೆಲೆ ನಿಂತರು. 1949ರಲ್ಲಿ ಆ ಜಾಗಕ್ಕೆ ಉಲ್ಹಾಸನಗರ ಎಂಬ ಹೆಸರಾಯಿತು. ಇವತ್ತಿಗೂ ವಿಳಾಸ ಹೇಳುವುದು ‘ಕ್ಯಾಂಪ್ 3’, ‘ಕ್ಯಾಂಪ್ 4’ ಎಂದೇ.

ಲೋಕಲ್ ರೈಲು ಹಿಡಿದು, ಪೇಪರ್ ತಿದ್ದಿ, ಒಟ್ಟಿಗೆ ಕೆಲಸ ಮಾಡಲು ಪುರುಸೊತ್ತೆಲ್ಲಿ ಅನ್ನಬಹುದು. ಅದೇ ಲೋಕಲ್‌ನಲ್ಲಿ ದಿನಾ ಒಂದೇ ಡಬ್ಬಿ ಹತ್ತುವವರು ಭಜನೆ ಹಾಡುತ್ತಾರೆ, ದಸರೆಗೆ ಡಬ್ಬಿಯೊಳಗಿನ ಕಂಬಿಗಳಿಗೆ ಚೆಂಡುಹೂ ಕಟ್ಟಿ ಪೂಜೆ ಮಾಡುತ್ತಾರೆ. ಅವರಿಗೇನು ಬಿಡುವು ಜಾಸ್ತಿಯೇ? ಪರಭಾಷಿಕರೊಡನೆ ಬೆರೆತರೆ ಕನ್ನಡ ಸವೆಯುತ್ತದೆ ಎಂಬ ಭಯವೂ ಸುಳ್ಳು. ಯಶವಂತ ಚಿತ್ತಾಲರು ಮುಂಬಯಿಯ ಕಾರ್ಖಾನೆ ಲೋಕದಲ್ಲಿ ದುಡಿಯುತ್ತಲೇ ‘ಶಿಕಾರಿ’ ಕಾದಂಬರಿ ಬರೆದರು.

ಭಾನುವಾರ ಸಂಘಕ್ಕೆ ಹೋಗಿ. ಸೋಮವಾರ ಸ್ಟಾಫ್‌ರೂಮಿನಲ್ಲಿ ಸಿಂಧಿ ಟೀಚರು ದಾಲ್ ಪಕ್ವಾನ್ ಮುಂದೆ ಚಾಚಿದರೆ ಬೇಡ ಅನ್ನಬೇಡಿ.