ಹಳತಾಗದ ಹಳೇ ಪುಸ್ತಕ

ಕಳೆದ ವರ್ಷದ ಗೈಡು ರದ್ದಿಗೆ ಹೋಗುತ್ತದೆ. ಆದರೆ ಲಾರ್ಸ್ ಆಲ್ಫೋರ್ಸ್ ಅವರ ‘ಕಾಂಪ್ಲೆಕ್ಸ್ ಅನಾಲಿಸಿಸ್’ ಮೊದಲು ಅಚ್ಚಾದದ್ದು 1953ರಲ್ಲಿ. 1979ರ ಮೂರನೇ ಆವೃತ್ತಿಯ ಪ್ರತಿಯೊಂದು, ಯಾರದೋ ಪೆನ್ಸಿಲ್ ಗೀಟುಗಳ ಸಮೇತ ಸಿಕ್ಕರೂ ಎಂ.ಎಸ್ಸಿ. ವಿದ್ಯಾರ್ಥಿ ಧಾರಾಳವಾಗಿ ಕೊಳ್ಳಬಹುದು. ಗಣಿತದಲ್ಲಿ ಒಮ್ಮೆ ಸಾಧಿಸಿದ್ದು ಸುಳ್ಳಾಗುವುದಿಲ್ಲವಲ್ಲ!

ಮೈನಸ್ ಒಂದರ ವರ್ಗಮೂಲವನ್ನೂ ಸಂಖ್ಯೆಯೆಂದು ಒಪ್ಪಿಕೊಂಡು ಹೊರಟ ಶಾಸ್ತ್ರವಿದು. ಇದರಲ್ಲಿ ಬರುವ ಫಲನಗಳ ಬೆಲೆ ವೃತ್ತದ ಅಂಚಿನಲ್ಲಿ ಗೊತ್ತಿದ್ದರೆ ಸಾಕು, ಒಳಗಿನ ಪ್ರತಿಯೊಂದು ಬಿಂದುವಿನಲ್ಲೂ ಲೆಕ್ಕಹಾಕಬಹುದು. 19ನೇ ಶತಮಾನದಲ್ಲಿ ಫ್ರಾನ್ಸಿನ ಕೋಶಿ ಇದನ್ನು ತೋರಿಸಿದರು.

ಫಿನ್ಲೆಂಡಿನವರಾದ ಆಲ್ಫೋರ್ಸ್ 1936ರಲ್ಲಿ ಮೊಟ್ಟಮೊದಲ ಫೀಲ್ಡ್ಸ್ ಪದಕ ಪಡೆದ ಇಬ್ಬರಲ್ಲಿ ಒಬ್ಬರು. 1944ರ ಯುದ್ಧಕಾಲದಲ್ಲಿ ಜ್ಯೂರಿಕ್‌ಗೆ ಹೊರಟಾಗ ಕೈಯಲ್ಲಿ ಕಾಸಿಲ್ಲದೆ, ಆ ಚಿನ್ನದ ಪದಕವನ್ನೇ ಸ್ವೀಡನ್ನಿನಲ್ಲಿ ಅಡವಿಟ್ಟರು. ಮುಂದೆ ಸ್ನೇಹಿತರು ಬಿಡಿಸಿಕೊಟ್ಟರು. ಪರೀಕ್ಷೆ ಮುಗಿದೊಡನೆ ಅವರ ಪುಸ್ತಕ ಮಾರಿದ ವಿದ್ಯಾರ್ಥಿಯ ಕಷ್ಟ ಅವರಿಗೆ ಅರ್ಥವಾಗದೆ ಇರುತ್ತಿತ್ತೇ?