ಎಳ್ಳಮಾಸಿ ಹಾದಿಯಲ್ಲಿ ಒಂದು ಸರ್ಕಾರಿ ಸೈಕಲ್

ಬೀದರ್ ಸೀಮೆಯ ಬೇಮಳಖೇಡದ ಚಹಾದಂಗಡಿಯಲ್ಲಿ ಬೆಳಗಿನ ಆರೂವರೆಗೆ ಹಾಲು ಇನ್ನೂ ಕಾದಿರಲಿಲ್ಲ. ಒಲೆಯ ಸುತ್ತ ಕಂಬಳಿ ಹೊದ್ದು ಕುಳಿತವರಲ್ಲಿ ಹಿರಿಯರೊಬ್ಬರು ನನ್ನ ಸೈಕಲ್ಲನ್ನು ಮೇಲಿಂದ ಕೆಳಗೆ ನೋಡಿದರು. ‘ಸಾಲಿ ಹುಡುಗೀರ ಸೈಕಲ್ ತಗೊಂಡು ಎಲ್ಲಿಗ್ರಿ?’ ಬಸವಕಲ್ಯಾಣಕ್ಕೆ ಎಂದೆ. ‘ಇವತ್ತ ಎಳ್ಳಮಾಸಿ ಅದ. ನಿಮಗ ಯಾರೂ ಮುಂದ ಹೋಗ್ಲಾಕ ಬಿಡಲ್ಲ’ ಎಂದು ಮತ್ತೆ ಒಲೆಯ ಕಡೆ ಕೈ ಚಾಚಿದರು.

ಸೈಕಲ್ ನನ್ನದಲ್ಲ. ತಂಗಿಯ ಮಗಳಿಗೆ ಎಂಟನೇ ತರಗತಿಯಲ್ಲಿ ಸಿಕ್ಕಿದ್ದು. 2006-07ರಲ್ಲಿ ಶುರುವಾದ ಉಚಿತ ಸೈಕಲ್ ಯೋಜನೆ ಕೊರೊನಾ ಕಾಲದಲ್ಲಿ ನಿಂತುಹೋಯಿತು. ಅಷ್ಟರೊಳಗೆ ಈ ಸೀಮೆಯ ಎಷ್ಟೋ ಹೆಣ್ಣುಮಕ್ಕಳು ಊರಿನಿಂದ ಊರಿಗೆ ತಾವೇ ಹೋಗಿಬರುವುದನ್ನು ಇಂಥ ಸೈಕಲ್ಲಿನ ಮೇಲೆ ಕಲಿತರು. ಇದಕ್ಕೆ ಗೇರಿಲ್ಲ, ಮುಂದೆ ಬುಟ್ಟಿ ಇದೆ. ‘ಮಾಮಾ, ಹಿಂದಿನ ಬ್ರೇಕ್ ಅಷ್ಟೇ ನಂಬು’ ಎಂದು ಹೇಳಿ ಕಳಿಸಿದ್ದಳು.

ಈ ಪಯಣದ ಆಸೆ ಹುಟ್ಟಿದ್ದು ಚೀನಾದ ಒಂದು ಚಿತ್ರದಿಂದ. ಗುವಾಂಗ್‌ಶಿ ಸ್ವಾಯತ್ತ ಪ್ರದೇಶದಲ್ಲಿ ಯಾಂಗ್‌ಶುವೊ ಎಂಬ ಊರಿದೆ. ಲೀ ನದಿಯ ದಡದಲ್ಲಿ ಸುಣ್ಣಕಲ್ಲಿನ ಗುಡ್ಡಗಳು ಶಂಕುವಿನಂತೆ ಎದ್ದು ನಿಂತಿವೆ. ಆ ನೋಟವನ್ನು ಚೀನಾ ತನ್ನ 20 ಯುವಾನ್ ನೋಟಿನ ಹಿಂಬದಿಯಲ್ಲೇ ಅಚ್ಚು ಹಾಕಿಕೊಂಡಿದೆ. ಗುಡ್ಡಗಳ ನಡುವಿನ ನೆಲ ಚಪ್ಪಟೆ, ಭತ್ತದ ಗದ್ದೆಗಳ ಪಕ್ಕದಲ್ಲೇ ಹಾದಿ. ಪ್ರವಾಸಿಗರು ಬಾಡಿಗೆ ಸೈಕಲ್ ಹಿಡಿದು ದಿನವಿಡೀ ಅಲೆಯುತ್ತಾರೆ, ಹಸಿವಾದಾಗ ರೈತರ ಮನೆಯಲ್ಲಿ ಉಣ್ಣುತ್ತಾರೆ. ಹೀಗೆ ಉಣಬಡಿಸುವ ರೈತರ ಮನೆಗೆ ‘ನೊಂಗ್‌ಜಿಯಾಲೆ’ ಎಂಬ ಹೆಸರೇ ಇದೆ. ಸುಂದರವಾದ ನೆಲ, ಸಣ್ಣ ಹಾದಿ, ರೈತರ ಮನೆಯ ಊಟ ಇಷ್ಟೇ ಸಾಕೆಂದರೆ, ಇವು ಮೂರೂ ನಮ್ಮಲ್ಲಿವೆ ಎಂದು ನನಗೆ ಗಟ್ಟಿಯಾಗಿ ಅನ್ನಿಸಿತ್ತು.

ಬೀದರ್ ಸೀಮೆಯ ಚೆಲುವು ಬಸ್ಸಿನ ಕಿಟಕಿಗೆ ದಕ್ಕುವುದಿಲ್ಲ, ಕಾಲಿಗೆ ದಕ್ಕುತ್ತದೆ. ಔರಾದ್, ಭಾಲ್ಕಿ ಕಡೆ ಬಹುಪಾಲು ಕಪ್ಪು ಮಣ್ಣಿನ ಯರಿ ಹೊಲ. ಬೀದರ್, ಹುಮನಾಬಾದ್, ಬಸವಕಲ್ಯಾಣದಲ್ಲಿ ಕೆಂಪೂ ಕಪ್ಪೂ ಕೂಡಿಯೇ ಇವೆ. ಜಂಬಿಟ್ಟಿಗೆಯ ಕೆಂಪು ದಿನ್ನೆ ಏರುವಾಗ ತೊಡೆ ಬಿಗಿಯುತ್ತದೆ, ಮೈಗೆ ಗಾಳಿ ತಾಗುತ್ತದೆ, ದೂರದ ಊರುಗಳ ಗುಡಿಯ ಶಿಖರ, ಮಸೀದಿಯ ಮಿನಾರು ಒಟ್ಟಿಗೇ ಕಾಣುತ್ತವೆ. ಇಳಿದರೆ ಕಪ್ಪು ಮಣ್ಣು, ಹಾಲುಗಾಳಿನ ಜೋಳ, ಕಡಲೆಯ ಹುಳಿ ವಾಸನೆ. ಮಳೆನೀರು ಕೆಂಪು ಕಲ್ಲಿನ ರಂಧ್ರಗಳಲ್ಲಿ ಇಳಿದು, ಕೆಳಗೆ ನೀರು ಬಿಡದ ಪದರ ಸಿಕ್ಕಾಗ ದಿನ್ನೆಯ ಅಂಚಿನಲ್ಲಿ ಝರಿಯಾಗಿ ಹೊರಬೀಳುತ್ತದೆ. ಬೀದರಿನ ನರಸಿಂಹ ಝರಣಿ, ಪಾಪನಾಶ, ನಾನಕ್ ಝೀರಾ ಇರುವುದು ಇಂಥ ಅಂಚಿನಲ್ಲೇ. ಎಲ್ಲಿ ಏರು ಮುಗಿಯುತ್ತದೆ, ಎಲ್ಲಿ ನೀರು ಸಿಕ್ಕೀತು ಎಂಬುದು ಸೈಕಲ್ ತುಳಿಯುವವನಿಗೆ ಅರ್ಧ ದಿನದಲ್ಲೇ ಅಂದಾಜಾಗುತ್ತದೆ.

ಒಂಬತ್ತು ಗಂಟೆಯ ಹೊತ್ತಿಗೆ ದಾರಿಯ ಊರುಗಳೆಲ್ಲ ಖಾಲಿಯಾಗಿದ್ದವು. ಎಳ್ಳಮಾವಾಸ್ಯೆಯ ದಿನ ಈ ಕಡೆ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಎತ್ತಿನ ಗಾಡಿ, ಟ್ರ್ಯಾಕ್ಟರ್, ಮೋಟಾರ್ ಸೈಕಲ್ಲುಗಳ ಮೇಲೆ ಬುಟ್ಟಿ, ಹೊಸ ಗಡಿಗೆ, ರೇಷ್ಮೆ ಸೀರೆ, ಮೊಮ್ಮಕ್ಕಳು. ಜೋಳದ ದಂಟಿನಿಂದ ಕೊಂಪಿ ಕಟ್ಟಿ, ಒಳಗೆ ಐದು ಕಲ್ಲಿಟ್ಟು ಸುಣ್ಣ ಬಳಿದು ಪಾಂಡವರೆಂದು ಪೂಜಿಸುತ್ತಾರೆ. ನಿಂತ ಪೈರಿನ ಸುತ್ತ ಚರಗ ಚೆಲ್ಲುತ್ತಾರೆ. ಬಸುರಿ ಭೂಮಿಗೆ ಬಯಕೆಯ ಊಟ ಅದು.

ಚಿಟಗುಪ್ಪದ ದಿಕ್ಕಿಗೆ ಎರಡು ತಿರುವು ದಾಟಿರಲಿಲ್ಲ, ಬದುವಿನ ಮೇಲಿಂದ ಕೂಗು ಬಂತು: ‘ಓ ಅಣ್ಣಾ, ಬರ್ರಿ! ಭಜ್ಜಿ ಉಂಡು ಹೋಗ್ರಿ!’ ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದದ್ದಲ್ಲ. ಹಸಿ ತೊಗರಿ, ಅವರೆ, ಬಟಾಣಿ, ಮೆಂತ್ಯೆ, ಕಡಲೆಸೊಪ್ಪು, ಬದನೆ, ಗಜ್ಜರಿ, ಆ ಹೊತ್ತಿಗೆ ಹೊಲದಲ್ಲಿ ಏನೇನಿದೆಯೋ ಎಲ್ಲವನ್ನೂ ಕಡಲೆಹಿಟ್ಟು, ಹುಣಸೆಹುಳಿ ಸೇರಿಸಿ ಬೇಯಿಸಿದ ಗಟ್ಟಿ ಪಲ್ಯ. ಜೊತೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಗಡಿಗೆಯಿಂದ ಬಗ್ಗಿಸಿದ ತಣ್ಣನೆಯ ಅಂಬಲಿ. ಅಂಬಲಿ ಕುಡಿದ ಮೇಲೆ ಏರು ಹತ್ತುವುದು ಕಷ್ಟ, ಬೇವಿನ ಮರದಡಿ ಒಂದು ನಿದ್ದೆಯಾಗಲೇಬೇಕು.

ಮತ್ತೆ ಮೂರು ಹೊಲಗಳಲ್ಲಿ ಕರೆದರು. ಒಂದು ಕೊಂಪಿಯ ಮುಂದೆ ಆ ಮನೆಯವರು, ಪಕ್ಕದ ಹೊಲದ ಮುಸ್ಲಿಂ ಕುಟುಂಬ, ಗಡಿಯಾಚೆ ಜಹೀರಾಬಾದ್ ಕಡೆಯಿಂದ ಬಂದ ನೆಂಟರು ಒಂದೇ ಸಾಲಿನಲ್ಲಿ ಕುಳಿತು ಕನ್ನಡ, ಉರ್ದು, ತೆಲುಗು ಕಲಸಿ ಮಾತಾಡುತ್ತ ಉಣ್ಣುತ್ತಿದ್ದರು. ನಾಲ್ಕನೆಯ ಹೊಲದಲ್ಲಿ ಹೊಟ್ಟೆಯಲ್ಲಿ ಜಾಗವಿಲ್ಲವೆಂದು ಕೈ ಮುಗಿದೆ. ಆ ಅವ್ವ ಸಿಟ್ಟಾಗಲಿಲ್ಲ. ಸ್ಟೀಲ್ ಡಬ್ಬಿಯೊಂದರಲ್ಲಿ ಭಜ್ಜಿ ಒತ್ತಿ ತುಂಬಿ, ನಾಲ್ಕು ಸಜ್ಜೆ ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿ ಸೈಕಲ್ಲಿನ ಬುಟ್ಟಿಗೆ ಇಟ್ಟಳು. ‘ಹೊಳ್ಳಿ ಬರಾಗ ಡಬ್ಬಿ ಕೊಟ್ಟು ಹೋಗಪಾ.’ ನಾನು ಯಾರು, ಎಲ್ಲಿಯವನು ಎಂದು ಕೇಳಲಿಲ್ಲ. ಬಸವಕಲ್ಯಾಣದಿಂದ ಬೀದರಿಗೆ ಹೋಗಿ ರೈಲು ಹತ್ತಬೇಕೆಂದಿದ್ದವನ ದಾರಿ ಅಲ್ಲೇ ಬದಲಾಯಿತು.

ಹುಮನಾಬಾದ್ ಮುಟ್ಟುವಾಗ ದೀಪ ಹತ್ತಿತ್ತು. ಪಕ್ಕದ ಮಾಣಿಕನಗರದಲ್ಲಿ ಹದಿನೈದು ದಿನದ ಹಿಂದಷ್ಟೇ ದತ್ತ ಜಯಂತಿಯ ಉತ್ಸವ ಮುಗಿದು ಊರು ನಿರಾಳವಾಗಿತ್ತು. ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಅಲೆದಾಡಿ ಕೊನೆಗೆ ನೆಲೆ ನಿಂತ ಜಾಗ ಇದು. ಎಲ್ಲ ಮತಗಳೂ ಒಪ್ಪಿತವೆಂದು ಸಾರಿದ ಅವರ ಸಕಲಮತ ಸಂಪ್ರದಾಯದ ಪೀಠದಲ್ಲಿ ಇವತ್ತಿಗೂ ಯಾತ್ರಿಕರಿಗೆ ಊಟವಿದೆ. ಬೀದರಿನ ಗುರುದ್ವಾರದಲ್ಲಿ ಲಂಗರ್ ಇದೆ. ಕಲ್ಯಾಣದ ಶರಣರು ದಾಸೋಹವೆಂಬ ಮಾತಿಗೆ ತುಂಬಿದ ಅರ್ಥ ಈ ನೆಲದ್ದೇ. ಅಗ್ಗದ ಪ್ರವಾಸ ಎಂಬ ಮಾತು ಇಲ್ಲಿ ನನಗೆ ಸರಿಬರುವುದಿಲ್ಲ. ಹಾದಿಹೋಕರಿಗೆ ಉಣಿಸುವುದು ಇಲ್ಲಿ ಎಂಟುನೂರು ವರ್ಷಗಳಿಂದ ಬೇರುಬಿಟ್ಟ ರೂಢಿ.

ಮರುದಿನ ಬೆಳಿಗ್ಗೆ ಹತ್ತು ಕಿ.ಮೀ. ದೂರದ ಜಲಸಂಗಿಗೆ ಹೋದೆ. ಕಲ್ಮೇಶ್ವರ ಗುಡಿಯ ಹೊರಗೋಡೆಯ ಮೇಲೆ ಚಾಲುಕ್ಯರ ಕಾಲದ ಮದನಿಕೆಯರು ಸಾಲಾಗಿ ನಿಂತಿದ್ದಾರೆ. ಅವರಲ್ಲೊಬ್ಬಳು, ಬೆನ್ನು ತಿರುಗಿಸಿ ಕಲ್ಲಿನ ಮೇಲೆ ಅಕ್ಷರ ಬರೆಯುತ್ತಿದ್ದಾಳೆ. ಜನ ಅವಳನ್ನು ಶಾಸನಸುಂದರಿ ಎನ್ನುತ್ತಾರೆ. ಅವಳು ಬರೆದದ್ದು 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಹೊಗಳಿಕೆಯನ್ನು. ಇದೇ ಅರಸನ ಆಸ್ಥಾನಕ್ಕೆ ಕಾಶ್ಮೀರದಿಂದ ಹೊರಟು, ಮಥುರೆ, ಕನೌಜು, ಕಾಶಿಗಳನ್ನು ಸುತ್ತಿ ಬಂದು ಸೇರಿದವನು ಕವಿ ಬಿಲ್ಹಣ. ಅಷ್ಟು ದೂರ ಅಲೆದವನಿಗೆ ಕೊನೆಗೆ ಮನೆಯಾದದ್ದು ಕಲ್ಯಾಣ, ಅವನು ‘ವಿಕ್ರಮಾಂಕದೇವಚರಿತ’ ಬರೆದದ್ದು ಈ ಅರಸನ ಮೇಲೆ. ಬಿಸಿಲು ಏರುವವರೆಗೆ ಅವಳ ಎದುರು ಕುಳಿತಿದ್ದೆ. ಇನ್ನೊಬ್ಬ ಪ್ರವಾಸಿಗ ಬರಲಿಲ್ಲ. ಇಂಥ ಶಿಲ್ಪದ ಮುಂದೆ ಒಬ್ಬನೇ ಒಂದು ಗಂಟೆ ಕೂರುವ ಸುಖ ದೊಡ್ಡದು, ಆದರೆ ನಮ್ಮ ಶಾಲೆಗಳ ಮಕ್ಕಳಾದರೂ ಇಲ್ಲಿರಬೇಕಿತ್ತು ಎಂಬ ನೋವು ಅದರ ಜೊತೆಗೇ ಬರುತ್ತದೆ.

ಹುಮನಾಬಾದಿನಿಂದ ಕಲ್ಯಾಣದ ಹಾದಿಯ ಬಗ್ಗೆ ಒಂದು ಎಚ್ಚರಿಕೆ. ರಾಜೇಶ್ವರದ ಮೇಲೆ ಹಾಯುವುದು ಪುಣೆ-ಹೈದರಾಬಾದ್ ಹೆದ್ದಾರಿ 65. ಕಂಟೇನರ್ ಲಾರಿಗಳ ಬೀಸುಗಾಳಿಗೆ ಸೈಕಲ್ ವಾಲುತ್ತದೆ. ಬೆಳಕಿರುವಾಗಲೇ, ಅಂಚಿನ ಬಿಳಿ ಗೆರೆಯಾಚೆಗೇ ಹೋಗಿ. ಹಳ್ಳಿಯ ಹಾದಿಗಳ ಅಪಾಯ ಬೇರೆ: ಜಾಲಿ ಮುಳ್ಳು. ನನಗೆ ಎರಡು ಸಲ ಪಂಚರ್ ಆಯಿತು. ಒಂದೂವರೆ ಲೀಟರ್ ನೀರು, ಪಂಚರ್ ಸಾಮಾನು, ಕೈಪಂಪು, ತಲೆಗೆ ಟವೆಲ್ ಇವಿಲ್ಲದೆ ಹೊರಡಬಾರದು. ಎಳ್ಳಮಾವಾಸ್ಯೆಯಿಂದ ಶಿವರಾತ್ರಿಯವರೆಗೆ ಒಳ್ಳೆಯ ಕಾಲ, ಜೋಳದ ಸೀತನಿ ಸುಟ್ಟು ತಿನ್ನುವುದೂ ಈ ದಿನಗಳಲ್ಲೇ. ಬೇಸಿಗೆಯಲ್ಲಿ ಈ ಕೆಂಪು ಕಲ್ಲು ಕಾದ ಹಂಚಾಗುತ್ತದೆ.

ಬಸವಕಲ್ಯಾಣದ ತ್ರಿಪುರಾಂತ ಕೆರೆಯ ದಡದಲ್ಲಿ ಸಂಜೆ ಡಬ್ಬಿ ಬಿಚ್ಚಿದೆ. ದೂರದಲ್ಲಿ 108 ಅಡಿಯ ಬಸವಣ್ಣನ ಮೂರ್ತಿಗೆ ಇಳಿಬಿಸಿಲು ಬಿದ್ದಿತ್ತು. ಭಜ್ಜಿ ಮರುದಿನಕ್ಕೆ ಇನ್ನಷ್ಟು ರುಚಿ ಎಂದು ಇಲ್ಲಿಯವರು ಹೇಳುವುದು ನಿಜ. ಸಜ್ಜೆ ರೊಟ್ಟಿ ಗಟ್ಟಿಯಾಗಿತ್ತು, ಮುರಿದು ಅದರಲ್ಲೇ ನೆನೆಸಿಕೊಂಡೆ. ಮೂರು ದಿನಕ್ಕೆ ಕೈಯಿಂದ ಹೋದದ್ದು 520 ರೂಪಾಯಿ, ಅದರಲ್ಲಿ 300 ಕಲ್ಯಾಣದ ಒಂದು ರಾತ್ರಿಯ ಕೋಣೆಗೆ. ಉಳಿದದ್ದು ಚಹಾ, ಬೆಳಗಿನ ಸುಸಲಾ, ಎರಡು ಪಂಚರ್ ಮತ್ತು ಕಾಲು ಕಿಲೊ ಬತ್ತಾಸು.

ಬತ್ತಾಸು ಡಬ್ಬಿಗಾಗಿ. ಉಂಡ ಮನೆಗೆ ಡಬ್ಬಿಯನ್ನು ಬರಿದು ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಚಿಟಗುಪ್ಪ ದಾಟಿ ಆ ಹೊಲದ ಹತ್ತಿರ ಸೈಕಲ್ ನಿಲ್ಲಿಸಿದಾಗ ಕೊಂಪಿಯ ಮೇಲೆ ಗುಬ್ಬಿಗಳು ಕುಳಿತಿದ್ದವು. ಅವ್ವ ಕಡಲೆಯ ಸಾಲಿನಿಂದ ಎದ್ದು ಬಂದಳು, ಡಬ್ಬಿಯ ಮುಚ್ಚಳ ತೆಗೆದು ನೋಡಿದಳು, ಒಂದು ಬತ್ತಾಸು ತಾನು ಬಾಯಿಗೆ ಹಾಕಿಕೊಂಡು ಇನ್ನೊಂದನ್ನು ನನ್ನ ಕೈಗಿಟ್ಟಳು. ‘ಚಕ್ರದಾಗ ಗಾಳಿ ಕಮ್ಮಿ ಅದ ನೋಡು’ ಎಂದಳು.