ಎರಡು ಸಲ ಉರಿಸುವ ಟರ್ಬೈನ್

2015ರ ನವೆಂಬರಿನಲ್ಲಿ ಅಮೆರಿಕದ ಜಿಇ ಕಂಪನಿ ಫ್ರಾನ್ಸಿನ ಆಲ್‌ಸ್ಟಾಮ್‌ನ ವಿದ್ಯುತ್ ವಿಭಾಗವನ್ನು ಕೊಂಡುಕೊಂಡಿತು. ಆದರೆ ಆಲ್‌ಸ್ಟಾಮ್‌ನ ದೈತ್ಯ ಅನಿಲ ಟರ್ಬೈನ್‌ಗಳಾದ ಜಿಟಿ26 ಮತ್ತು ಜಿಟಿ36ರ ತಂತ್ರಜ್ಞಾನ ಜಿಇ ಪಾಲಿಗೆ ಬರಲಿಲ್ಲ. ಅದನ್ನು ಇಟಲಿಯ ಅನ್ಸಾಲ್ಡೊ ಎನರ್ಜಿಯಾಕ್ಕೆ ಬಿಟ್ಟುಕೊಟ್ಟರಷ್ಟೇ ಒಪ್ಪಿಗೆ ಎಂದು ಯುರೋಪಿಯನ್ ಕಮಿಷನ್ ಪಟ್ಟು ಹಿಡಿದಿತ್ತು. ಆ ಪಟ್ಟು ಎಷ್ಟು ಸರಿಯಾಗಿತ್ತೆಂಬುದು ಯಂತ್ರದೊಳಗೆ ಇಣುಕಿದರೆ ತಿಳಿಯುತ್ತದೆ.

ಗಾಳಿಯನ್ನು ಒತ್ತಿ, ಅದರಲ್ಲಿ ಇಂಧನ ಉರಿಸಿ, ಹಿಗ್ಗುವ ಬಿಸಿ ಅನಿಲದಿಂದ ಅಲಗುಗಳನ್ನು ತಿರುಗಿಸುವುದು ಎಲ್ಲ ಅನಿಲ ಟರ್ಬೈನ್‌ಗಳ ಕೆಲಸ. ಬಿಸಿ ಏರಿದಷ್ಟೂ ಲಾಭ. ಆದರೆ ಅಲಗಿನ ಲೋಹ ಅದನ್ನು ತಾಳಬೇಕು, ಹೊಗೆಯಲ್ಲಿ ನೈಟ್ರೋಜನ್ ಆಕ್ಸೈಡುಗಳೂ ಮಿತಿ ಮೀರಬಾರದು. ಜಿಇಯ ದೊಡ್ಡ ಯಂತ್ರಗಳು ಇಂಧನವನ್ನೆಲ್ಲ ಅನಿಲ ಅಲಗುಗಳನ್ನು ಮುಟ್ಟುವ ಮೊದಲೇ ಉರಿಸುತ್ತವೆ. ಜಿಟಿ26ರಲ್ಲಿ ಹಾಗಲ್ಲ. ಮೊದಲ ಕೋಣೆಯಲ್ಲಿ ಉರಿದ ಅನಿಲ ಒಂದು ಸಾಲು ಅಲಗುಗಳನ್ನು ತಿರುಗಿಸಿ ಹೊರಬಂದಾಗಲೂ ಸುಮಾರು 1000 ಡಿಗ್ರಿ ಸೆಲ್ಸಿಯಸ್ ಬಿಸಿಯಿರುತ್ತದೆ. ಎರಡನೇ ಕೋಣೆಯಲ್ಲಿ ಅದಕ್ಕೆ ಮತ್ತೆ ಇಂಧನ ಸೇರಿಸಿದರೆ ಕಿಡಿಯ ಹಂಗಿಲ್ಲದೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ! ಬೇಡಿಕೆ ಕುಸಿದಾಗ ಎರಡನೆಯದನ್ನು ಆರಿಸಿ, ಮೊದಲನೆಯದನ್ನು ಮಾತ್ರ ಉರಿಸುತ್ತಾ ಯಂತ್ರವನ್ನು ನಿಲ್ಲಿಸದೆ ನಡೆಸಬಹುದು. ಬಿಸಿಲು, ಗಾಳಿಯ ವಿದ್ಯುತ್ತು ಏರಿಳಿಯುವ ಜಾಲಕ್ಕೆ ಇದು ದೊಡ್ಡ ಅನುಕೂಲ.

ವ್ಯತ್ಯಾಸ ಬೆಂಕಿಯದಷ್ಟೇ ಅಲ್ಲ. ಜಿಇ ರೋಟರಿನ ತಟ್ಟೆಗಳನ್ನು ಬೋಲ್ಟುಗಳಿಂದ ಬಿಗಿಯುತ್ತಿತ್ತು, ಆಲ್‌ಸ್ಟಾಮ್ ಬೆಸೆಯುತ್ತಿತ್ತು. 1939ರಲ್ಲಿ ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್‌ನಲ್ಲಿ 4 ಮೆಗಾವಾಟಿನ ಟರ್ಬೈನ್ ನಿಲ್ಲಿಸಿ, ಊರಿಗೆ ವಿದ್ಯುತ್ ಕೊಡಲು ಅನಿಲ ಟರ್ಬೈನ್ ಬಳಸುವುದಕ್ಕೆ ನಾಂದಿ ಹಾಡಿದ ಬ್ರೌನ್ ಬೊವೇರಿ ಕಂಪನಿಯಿಂದ ಆಲ್‌ಸ್ಟಾಮ್‌ಗೆ ಬಂದ ಪದ್ಧತಿ ಇದು. ಇಂಥ ಎರಡು ಪರಂಪರೆಗಳನ್ನು ಕಲಸಿ ಮೂರನೆಯದನ್ನು ಮಾಡಲಾಗದು. ಬಿಡಿಭಾಗ, ದುರಸ್ತಿಯ ಕ್ರಮ, ನಿಯಂತ್ರಣದ ಲೆಕ್ಕ ಎಲ್ಲವೂ ಬೇರೆ. ಎರಡನ್ನೂ ಬೆಳೆಸುತ್ತಾ ಹೋಗುವುದು ವಿಪರೀತ ಖರ್ಚಿನ ಮಾತು. ಹಾಗಾಗಿ ಜಿಇ ಆಲ್‌ಸ್ಟಾಮ್‌ನ ಕೆಲವು ಮಾದರಿಗಳನ್ನು ಕೈಬಿಡಬಹುದೆಂದು ಕಮಿಷನ್ ಅಂದಾಜಿಸಿತ್ತು.

ಅನ್ಸಾಲ್ಡೊಗೆ ಹೋದದ್ದು ಬರೀ ನಕ್ಷೆಗಳಲ್ಲ. ಸಂಶೋಧನಾ ಎಂಜಿನಿಯರುಗಳು, ಸ್ವಿಟ್ಜರ್ಲೆಂಡಿನ ಬಿರ್‌ನಲ್ಲಿದ್ದ ಎರಡು ಪರೀಕ್ಷಾ ಘಟಕಗಳು, 34 ಜಿಟಿ26 ಯಂತ್ರಗಳ ನಿರ್ವಹಣಾ ಗುತ್ತಿಗೆಗಳೂ ಹೋದವು. ಈ ಸಾಲಿನ ಮೊದಲ ಯಂತ್ರಗಳು ಗಂಭೀರ ದೋಷಗಳಿಂದ ನರಳಿ, ಆಲ್‌ಸ್ಟಾಮ್‌ಗೆ ಭಾರಿ ನಷ್ಟ ತಂದಿದ್ದವು. ಅವನ್ನು ಸರಿಪಡಿಸುತ್ತಾ ಕಲಿತ ಪಾಠ ಕಾಗದಕ್ಕಿಂತ ಹೆಚ್ಚಾಗಿ ಜನರಲ್ಲಿರುತ್ತದೆ. ಅವರನ್ನು ಚದುರಿಸದೆ ಒಟ್ಟಾಗಿ ಕಳಿಸಿದ್ದೇ ಈ ಒಪ್ಪಂದದ ಅತ್ಯುತ್ತಮ ಭಾಗ ಎಂದು ನನ್ನ ಅಭಿಪ್ರಾಯ.

ಎರಡು ಸಲ ಉರಿಸುವ ಈ ವಿನ್ಯಾಸ ಹೈಡ್ರೋಜನ್‌ಗೂ ಅನುಕೂಲ. ಹೈಡ್ರೋಜನ್ ಬಹುಬೇಗ ಹೊತ್ತಿಕೊಳ್ಳುವುದರಿಂದ ಟರ್ಬೈನ್‌ಗಳಲ್ಲಿ ಅದನ್ನು ಉರಿಸುವುದು ಕಷ್ಟ. ಎರಡು ಕೋಣೆಗಳಿದ್ದರೆ ಮೊದಲನೆಯದರ ಬಿಸಿ ತಗ್ಗಿಸಿ, ಎರಡನೆಯದರಲ್ಲಿ ಅದು ಹೊತ್ತಿಕೊಳ್ಳುವ ಗಳಿಗೆಯನ್ನು ಮುಂದೂಡಬಹುದು. ಅನ್ಸಾಲ್ಡೊ ಈಗ ಜಿಟಿ36ರಲ್ಲಿ ಇದೇ ದಾರಿ ಹಿಡಿದಿದೆ.